ಕುದುರೆಯ ಕಾಲೂ ನೆಲದ ಹದವೂ

ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡವೆಂಬುದಿಲ್ಲ. ಅಲ್ಲಿರುವುದು ಎಲುಬು, ಅದರ ಹಿಂದೆ ಹುರಿಗಟ್ಟಿದ ಸ್ನಾಯುರಜ್ಜುಗಳು, ಮೇಲೊಂದು ಚರ್ಮ, ತುದಿಗೆ ಗೊರಸು. ಓಡುವಾಗ ಮೈಭಾರ ನೆಲಕ್ಕೆ ಇಳಿಯುವುದೂ ನೆಲದ ಪೆಟ್ಟು ಮೈಗೆ ಏರುವುದೂ ಈ ಸಪೂರ ದಾರಿಯಲ್ಲೇ. ಪಂದ್ಯದ ಥರೋಬ್ರೆಡ್ ಕುದುರೆ 450ರಿಂದ 500 ಕೆ.ಜಿ. ತೂಗುತ್ತದೆ, ಗಂಟೆಗೆ 60 ಕಿ.ಮೀ. ಮೀರಿ ಓಡುತ್ತದೆ. ಆ ವೇಗದಲ್ಲಿ ಒಂದು ಗೊರಸು ನೆಲ ಮುಟ್ಟಿರುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಮುಂಗಾಲೊಂದರ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆ ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. 1200 ಮೀಟರಿನ ಒಂದು ಓಟ ಮುಗಿಯುವ ಹೊತ್ತಿಗೆ ಪ್ರತಿ ಕಾಲೂ ಸುಮಾರು 180 ಸಲ ಈ ಪೆಟ್ಟು ತಿಂದಿರುತ್ತದೆ.

ಗಾಯಗಳಲ್ಲಿ ಹೆಚ್ಚಿನವು ಮುಂಗಾಲಿನವು. ಮಂಡಿಯ ಕೆಳಗಿನ ಕ್ಯಾನನ್ ಎಲುಬು ಬಿರಿಯುತ್ತದೆ. ಗೊರಸಿಗಿಂತ ತುಸು ಮೇಲಿರುವ ಫೆಟ್ಲಾಕ್ ಕೀಲಿನ ಹಿಂಬದಿಯಲ್ಲಿ ಜೋಡಿಯಾಗಿ ಕೂತ ಪುಟ್ಟ ಸೆಸಮಾಯ್ಡ್ ಎಲುಬುಗಳು ಒಡೆಯುತ್ತವೆ. ಮಂಡಿಯ ಕೀಲಿನೊಳಗೆ ಎಲುಬಿನ ಚೂರು ಕಳಚಿಕೊಳ್ಳುತ್ತದೆ. ಕಾಲಿನ ಹಿಂದಿನ ಸ್ನಾಯುರಜ್ಜು ಎಳೆಎಳೆಯಾಗಿ ಹರಿದು ಬಿಲ್ಲಿನಂತೆ ಉಬ್ಬುತ್ತದೆ. ಈ ರಜ್ಜು ನಾಗಾಲೋಟದಲ್ಲಿ ತನ್ನ ಉದ್ದದ ನೂರಕ್ಕೆ ಹದಿನಾರರವರೆಗೂ ಹಿಗ್ಗಬಲ್ಲದು, ಅದರ ತಿರುಳು 45 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಯಾಗಬಲ್ಲದು. ಅಂದರೆ ಒಳ್ಳೆಯ ದಿನದ ಒಳ್ಳೆಯ ಓಟದಲ್ಲೂ ಅದು ಹರಿಯುವ ಅಂಚಿನಲ್ಲೇ ಕೆಲಸ ಮಾಡುತ್ತಿರುತ್ತದೆ. ನೆಲ ಸ್ವಲ್ಪ ಕೆಟ್ಟರೂ ಸಾಕು, ಅಂಚು ದಾಟುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ನೆಲದ ಮೇಲೆ ಹೊರಿಸುವುದು ಸುಲಭದ ತೀರ್ಪಾದೀತು. ಕುದುರೆ ಬಿದ್ದ ದಿನ ಎಲ್ಲರ ಕಣ್ಣೂ ಬೀಳುವುದು ಟ್ರ್ಯಾಕಿನ ಮೇಲೆ. ಮುರಿದ ಎಲುಬು ಹೇಳುವ ಕಥೆ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಪಂದ್ಯದ ಅಂಗಳದಲ್ಲಿ ಸತ್ತ ಕುದುರೆಗಳ ಶವಪರೀಕ್ಷೆ ನಡೆಯುತ್ತ ಬಂದಿದೆ. ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಸೂ ಸ್ಟೋವರ್ ಮತ್ತು ಸಂಗಡಿಗರು ಅಲ್ಲಿ ಕಂಡದ್ದು ಇಷ್ಟು: ಒಂದೇ ಹೆಜ್ಜೆಯಲ್ಲಿ ಮುರಿದಂತೆ ತೋರುವ ಎಲುಬಿನಲ್ಲಿ ವಾರಗಳ ಹಿಂದಿನ ಕೂದಲೆಳೆ ಬಿರುಕುಗಳು ಮೊದಲೇ ಇರುತ್ತವೆ. ಎಲುಬು ಜೀವಂತ ವಸ್ತು. ಅಳತೆಯ ಪೆಟ್ಟು ಬಿದ್ದರೆ ಅದು ದಪ್ಪಗಾಗಿ ಗಟ್ಟಿಯಾಗುತ್ತದೆ. ರಿಪೇರಿಯ ವೇಗ ಮೀರಿ ಪೆಟ್ಟು ಬಿದ್ದರೆ ದಣಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿದಂತೆ ಅದೂ ಒಂದು ದಿನ ಮುರಿಯುತ್ತದೆ. ಇದರ ತಿರುವುಮುರುವೂ ಅಷ್ಟೇ ಅಪಾಯದ್ದು. ಎರಡು ತಿಂಗಳು ಕಟ್ಟಿಹಾಕಿ ಮೇಯಿಸಿದ ಕುದುರೆಯ ಎಲುಬು ಕೆಲಸವಿಲ್ಲದೆ ಸಡಿಲವಾಗಿರುತ್ತದೆ; ಅದನ್ನು ಬಿಚ್ಚಿ ಒಮ್ಮೆಲೇ ಓಡಿಸಿದರೆ ಮುರಿತದ ಸಂಭವ ಏರುತ್ತದೆ.

ಹೀಗಿರುವಾಗ ನೆಲದ ಪಾತ್ರವೇನು? ಪ್ರತಿ ಹೆಜ್ಜೆಯಲ್ಲೂ ಕಾಲಿನ ಲೆಕ್ಕಕ್ಕೆ ಎಷ್ಟು ಪೆಟ್ಟು ಜಮೆಯಾಗಬೇಕೆಂದು ತೀರ್ಮಾನಿಸುವುದು ನೆಲ. ಗೊರಸು ಇಳಿದ ಕ್ಷಣದಲ್ಲಿ ಅದು ತುಸು ಜಾರಬೇಕು, ತುಸು ಹೂಳಬೇಕು. ಜಾರುವುದು ಕೆಲವೇ ಸೆಂಟಿಮೀಟರು. ಅಷ್ಟರಲ್ಲಿ ವೇಗ ಹಂತಹಂತವಾಗಿ ಕಳೆಯುತ್ತದೆ. ಜಾರದೆ ಕಚ್ಚಿ ನಿಂತರೆ ಅದುರು ನೇರವಾಗಿ ಎಲುಬಿಗೆ ಏರುತ್ತದೆ. ಹೆಚ್ಚು ಜಾರಿದರೆ ಕಾಲು ಸೀಳುತ್ತದೆ. ಆಮೇಲೆ ಮೈಭಾರವೆಲ್ಲ ಕಾಲಿನ ಮೇಲೆ ಬಂದಾಗ ನೆಲ ಬಗ್ಗಿ ಹೊರಬೇಕು. ಕೊನೆಗೆ ಗೊರಸಿನ ಮುಂತುದಿ ಒದ್ದು ಏಳುವಾಗ ನೆಲ ಕುಸಿಯದೆ ಆಸರೆ ಕೊಡಬೇಕು. ಒಂದೇ ನೆಲ ಸೆಕೆಂಡಿನ ಹತ್ತನೆಯ ಭಾಗದೊಳಗೆ ಮೂರು ಸಲ ಸ್ವಭಾವ ಬದಲಿಸಬೇಕು ಎಂದಂತಾಯಿತು.

ಇದಕ್ಕೆ ಕನ್ನಡದ ರೈತ ಬಳಸುವ ಮಾತೊಂದು ಚೆನ್ನಾಗಿ ಒಪ್ಪುತ್ತದೆ: ಹದ. ಕುದುರೆ ಪಂದ್ಯದ ಲೋಕ ನೆಲವನ್ನು ಬಹುಕಾಲ ‘ಗಟ್ಟಿ’, ‘ಮೆತ್ತಗೆ’ ಎಂಬ ಎರಡು ಮಾತಿನಲ್ಲೇ ಅಳೆಯಿತು. ಹೊಲದಲ್ಲಿ ಬಿತ್ತುವವರಾರೂ ಹಾಗೆ ಅಳೆಯುವುದಿಲ್ಲ. ಮಣ್ಣು ಎಷ್ಟು ತೇವ, ಮೇಲೆಷ್ಟು ಒಳಗೆಷ್ಟು, ಹೊಲದ ಈ ಮೂಲೆಗೂ ಆ ಮೂಲೆಗೂ ಏನು ವ್ಯತ್ಯಾಸ, ಇವೆಲ್ಲ ಸೇರಿ ಹದ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2014ರಲ್ಲಿ ಹೊರತಂದ ನೆಲದ ಅಧ್ಯಯನ ಕಡೆಗೆ ತಲುಪಿದ್ದೂ ಇಲ್ಲಿಗೇ. ಮೇಲ್ಪದರದ ಬಿರುಸು, ಒಳಗಿನ ಮೆತ್ತೆ, ಮರುಪುಟಿತ, ಹಿಡಿತ, ಇಡೀ ಅಂಗಳದ ಏಕರೂಪ, ದಿನದಿಂದ ದಿನಕ್ಕೆ ಬದಲಾಗದ ಸ್ಥಿರತೆ ಎಂದು ಅದು ನೆಲದ ಗುಣಗಳನ್ನು ಬಿಡಿಸಿಟ್ಟಿತು. ಇವುಗಳಲ್ಲಿ ಕೊನೆಯ ಎರಡಕ್ಕೆ ಉಳಿದವುಗಳಿಗಿಂತ ಹೆಚ್ಚಿನ ತೂಕ ಕೊಡಬೇಕು. ಗಟ್ಟಿ ನೆಲ ಗೊತ್ತಿದ್ದರೆ ಕುದುರೆ ಹೆಜ್ಜೆ ಹೊಂದಿಸಿಕೊಳ್ಳುತ್ತದೆ. ಗಟ್ಟಿಯಿಂದ ಮೆತ್ತಗೆ, ಮೆತ್ತಗಿನಿಂದ ಗಟ್ಟಿಗೆ ನೆಲ ದಿಢೀರನೆ ಹೊರಳಿದರೆ ಹೊಂದಿಸಿಕೊಳ್ಳಲು ಅದಕ್ಕೆ ಹೊತ್ತೇ ಇರುವುದಿಲ್ಲ.

‘ಗಟ್ಟಿ ನೆಲ ಎಲುಬಿಗೆ ಕೆಟ್ಟದ್ದು, ಮೆತ್ತನೆಯ ನೆಲ ರಜ್ಜಿಗೆ ಕೆಟ್ಟದ್ದು’ ಎಂಬ ಲಾಯದ ಗಾದೆಯನ್ನೂ ಇಲ್ಲಿ ಪರಿಶೀಲಿಸಬಹುದು. ಮೊದಲರ್ಧ ನಿಲ್ಲುತ್ತದೆ: ಬ್ರಿಟನ್ನಿನ ಹುಲ್ಲಿನ ಅಂಗಳಗಳಲ್ಲಿ ನೆಲ ಗಟ್ಟಿಯಾದಷ್ಟೂ ಮುರಿತ ಹೆಚ್ಚು ಎಂದು ಅಧ್ಯಯನಗಳು ತೋರಿವೆ. ಎರಡನೆಯ ಅರ್ಧ ಅಷ್ಟು ಗಟ್ಟಿಯಿಲ್ಲ. ಅದೇ ಬ್ರಿಟನ್ನಿನ ತಡೆ ಹಾರುವ ಪಂದ್ಯಗಳಲ್ಲಿ ರಜ್ಜಿನ ಗಾಯವೂ ಗಟ್ಟಿ ನೆಲದಲ್ಲೇ ಹೆಚ್ಚು ಕಂಡಿತು. ಆಳವಾಗಿ ಹೂಳುವ ನೆಲ ಕುದುರೆಯನ್ನು ದಣಿಸುತ್ತದೆ, ದಣಿದ ಕಾಲು ತಪ್ಪು ಹೆಜ್ಜೆ ಇಡುತ್ತದೆ ಎಂಬುದು ನಿಜ. ಆದರೆ ಮೆತ್ತಗಿದ್ದದ್ದೆಲ್ಲ ರಜ್ಜಿನ ಶತ್ರು ಎನ್ನಲು ಆಧಾರ ಸಾಲದು.

ಕರ್ನಾಟಕದಲ್ಲಿ ಕಾಯಂ ಓಟದ ಅಂಗಳಗಳಿರುವುದು ಬೆಂಗಳೂರು ಮತ್ತು ಮೈಸೂರಿನಲ್ಲಿ. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಿನ ಕಡೆಯವರಿಗೆ ಇವೆರಡಕ್ಕಿಂತ ಹತ್ತಿರದ್ದು ಹೈದರಾಬಾದಿನ ಮಲಕ್‌ಪೇಟೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ, 1886ರಲ್ಲಿ, ಅಲ್ಲಿಗೆ ಪಂದ್ಯ ಬಂತು. ಬೀದರ ಜಿಲ್ಲೆ ಆಗ ಅದೇ ಸಂಸ್ಥಾನದ್ದು. ಈ ಮೂರೂ ಕಡೆ ಪಂದ್ಯ ನಡೆಯುವುದು ಹುಲ್ಲಿನ ಮೇಲೆ. ಪಂದ್ಯದ ದಿನ ಪೆನೆಟ್ರೋಮೀಟರ್ ಎಂಬ ಸಾಧನದಿಂದ ನೆಲ ಅಳೆಯುತ್ತಾರೆ: ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬಿಟ್ಟು, ಸಲಾಕೆ ಎಷ್ಟು ಆಳಕ್ಕೆ ಇಳಿಯಿತು ಎಂದು ನೋಡುವುದು. ಅಂಕಿ ದೊಡ್ಡದಾದಷ್ಟೂ ನೆಲ ಮೆತ್ತಗೆ. ಓಟ ಒಂದೇ ಪಟ್ಟಿಯಲ್ಲಿ ನಡೆದು ಹುಲ್ಲು ಸವೆಯದಿರಲೆಂದು ಒಳಬೇಲಿಯನ್ನು ಕೆಲವು ಮೀಟರು ಆಚೆಗೆ ಸರಿಸಿ ‘ಫಾಲ್ಸ್ ರೇಲ್’ ಕಟ್ಟುತ್ತಾರೆ. ಎರಡೂ ಒಳ್ಳೆಯ ರೂಢಿಗಳೇ.

ಕೊರತೆ ಇರುವುದು ಬೇರೆಡೆ. ಪಂದ್ಯದ ಕುದುರೆ ಹುಲ್ಲಿನ ಮೇಲೆ ಓಡುವುದು ತಿಂಗಳಿಗೆ ಒಂದೆರಡು ಸಲ, ಒಂದೆರಡು ನಿಮಿಷ. ಉಳಿದ ದಿನಗಳ ಕಸರತ್ತು ಬಹುಪಾಲು ಮರಳಿನ ಮೇಲೆ. ಬೆಂಗಳೂರಿನ ಬೆಳಗಿನ ತಾಲೀಮಿನ ವರದಿಗಳಲ್ಲಿ ‘ಒಳ ಮರಳು’, ‘ಹೊರ ಮರಳು’ ಎಂಬ ತಲೆಬರಹದಡಿ ಯಾವ ಕುದುರೆ 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸಿತೆಂದು ಅಚ್ಚಾಗುತ್ತದೆ. ಆ ದಿನ ಮರಳು ಎಷ್ಟು ತೇವವಿತ್ತು, ಎಷ್ಟು ಆಳವಿತ್ತು ಎಂಬುದು ಅಚ್ಚಾಗುವುದಿಲ್ಲ. ಬಿರುಕು ಹುಟ್ಟಿ ಬೆಳೆಯುವುದು ಮರಳಿನ ಮೇಲೆ, ಅಳತೆಗೆ ಸಿಗುವುದು ಹುಲ್ಲು. ಕಾಯಿಲೆ ಒಂದು ಕೋಣೆಯಲ್ಲಿ, ಥರ್ಮಾಮೀಟರು ಇನ್ನೊಂದು ಕೋಣೆಯಲ್ಲಿ ಇಟ್ಟಂತಿದೆ ಈ ಏರ್ಪಾಟು.

ಮರಳಿನ ಗುಣ ನೀರಿನ ಮೇಲೆ ನಿಂತಿದೆ. ಒಣಮರಳು ಕಾಲಡಿ ಹರಿದುಹೋಗುತ್ತದೆ, ಒದ್ದು ಏಳಲು ಆಸರೆ ಕೊಡುವುದಿಲ್ಲ. ಹದವಾಗಿ ನೆನೆದ ಮರಳು ಕಾಳಿಗೆ ಕಾಳು ಅಂಟಿ ಬಿಗಿಯಾಗುತ್ತದೆ. ಹೊಳೆದಂಡೆಯಲ್ಲಿ ನಡೆದವರಿಗೆ ಇದು ಗೊತ್ತು. ನೀರು ಇನ್ನೂ ಏರಿದರೆ ಕುಸಿಯುತ್ತದೆ. ಬೆಳಗಿನ ಜಾವ ಐದಕ್ಕೆ ನೀರು ಹೊಡೆದ ಮರಳು ಎಂಟರ ಬಿಸಿಲಿಗೆ ಬೇರೆಯೇ ನೆಲವಾಗಿರುತ್ತದೆ. ಮೊದಲ ತಂಡದ ಕುದುರೆಗೂ ಕೊನೆಯ ತಂಡದ ಕುದುರೆಗೂ ಸಿಕ್ಕಿದ್ದು ಒಂದೇ ಟ್ರ್ಯಾಕಲ್ಲ.

ಈ ತೊಡಕಿಗೆ ಯಂತ್ರಯುಗ ಕಂಡುಕೊಂಡ ಉತ್ತರ ಕೃತಕ ನೆಲ: ಮರಳು, ರಬ್ಬರಿನ ಚೂರು, ಕೃತಕ ನಾರು, ಎಲ್ಲಕ್ಕೂ ಮೇಣದ ಲೇಪ. ಇಂಗ್ಲೆಂಡಿನ ಲಿಂಗ್‌ಫೀಲ್ಡಿನಲ್ಲಿ 1989ರಲ್ಲಿ ಕೃತಕ ನೆಲದ ಅಂಗಳ ಬಂತು. 2006ರಲ್ಲಿ ಕ್ಯಾಲಿಫೋರ್ನಿಯಾದ ಪಂದ್ಯ ಮಂಡಳಿ ತನ್ನ ದೊಡ್ಡ ಅಂಗಳಗಳೆಲ್ಲ ಮಣ್ಣು ಬಿಟ್ಟು ಕೃತಕ ನೆಲ ಹಾಕಬೇಕೆಂದು ಕಟ್ಟಳೆ ಮಾಡಿತು. ಅದೇ ವರ್ಷ ಕೆಂಟಕಿಯ ಕೀನ್‌ಲ್ಯಾಂಡ್ ತಾನಾಗಿಯೇ ಬದಲಾಯಿತು. ಅಮೆರಿಕದ ಜಾಕಿ ಕ್ಲಬ್ 2009ರಿಂದ ಇಟ್ಟ ಲೆಕ್ಕದಲ್ಲಿ ಕೃತಕ ನೆಲದ ಸಾವುಗಳು ಮಣ್ಣಿನ ನೆಲಕ್ಕಿಂತ ಕಡಿಮೆಯೇ. ಆದರೂ ಕ್ಯಾಲಿಫೋರ್ನಿಯಾದ ಸಾಂತಾ ಅನಿತಾ 2010ರ ಕೊನೆಗೆ ಮಣ್ಣಿಗೆ ಮರಳಿತು, ಕೀನ್‌ಲ್ಯಾಂಡ್ 2014ರಲ್ಲಿ, ಕ್ಯಾಲಿಫೋರ್ನಿಯಾದ್ದೇ ಆದ ಡೆಲ್ ಮಾರ್ 2015ರಲ್ಲಿ. ಕಾರಣಗಳಲ್ಲಿ ಬಾಜಿಗಾರರ ಗೊಣಗಾಟವೂ ಇತ್ತು, ನೀರು ಬಸಿಯದ ಗೋಳೂ ಇತ್ತು. ಮೇಣ ಬಿಸಿಲಿಗೆ ಇಳಿಯುತ್ತದೆ, ಚಳಿಗೆ ಬಿಗಿಯುತ್ತದೆ; ನಸುಕಿನ ನೆಲ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಇಂಗ್ಲೆಂಡಿನ ತಣ್ಣನೆ ಹವೆಗೆ ಹೊಂದಿದ ಮಿಶ್ರಣವನ್ನು 40 ಡಿಗ್ರಿ ಮುಟ್ಟುವ ಬೇಸಿಗೆಯ ಊರಿಗೆ ತಂದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಸಾವಿನ ಸಂಖ್ಯೆ ಇಳಿಸಿದ ನೆಲವನ್ನು ಕಿತ್ತುಹಾಕಿದ್ದು ಮಾತ್ರ ಪಂದ್ಯ ಲೋಕದ ಹೆಗ್ಗಳಿಕೆಯೇನಲ್ಲ.

ಸಾಂತಾ ಅನಿತಾದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರ ಡಿಸೆಂಬರಿನಿಂದ 2019ರ ಜೂನ್‌ವರೆಗಿನ ಹಂಗಾಮಿನಲ್ಲಿ ಅಲ್ಲಿ 30 ಕುದುರೆಗಳು ಸತ್ತವು. ಆ ಚಳಿಗಾಲ ವಿಪರೀತ ಮಳೆ. ನೀರು ಒಳಗಿಳಿಯದಿರಲೆಂದು ಮಣ್ಣನ್ನು ಒತ್ತಿ ಮುಚ್ಚುವುದು, ಮಳೆ ನಿಂತಾಗ ಮತ್ತೆ ಕೆದಕುವುದು, ಹೀಗೆ ನೆಲದ ಸ್ವಭಾವ ವಾರಕ್ಕೊಂದು ಬಗೆಯಾಯಿತು. ಮಾರ್ಚಿನಲ್ಲಿ ಪಂದ್ಯ ನಿಲ್ಲಿಸಿ ಟ್ರ್ಯಾಕ್ ಅಗೆದು ನೋಡಿದರು. ಮರುವರ್ಷ ಬಂದ ತನಿಖಾ ವರದಿಯ ಪ್ರಕಾರ, ಪರಿಶೀಲಿಸಿದ ಮೂಳೆಕೀಲಿನ ಸಾವುಗಳು 22. ಅವುಗಳಲ್ಲಿ 21ರಲ್ಲಿ ಮುರಿದ ಜಾಗದಲ್ಲೇ ಹಳೆಯ ಊನ ಇತ್ತು. ಪರಿಶೀಲಿಸಿದ ಒಟ್ಟು ಸಾವುಗಳಲ್ಲಿ ಮಳೆ ಕೆಡಿಸಿದ ನೆಲದ ಮೇಲೆ ಆದವು ನೂರಕ್ಕೆ 39. ಎರಡೂ ಅಂಕಿಗಳನ್ನು ಒಟ್ಟಿಗೆ ಓದಬೇಕು. ಊನ ಮೊದಲೇ ಇತ್ತು ಎಂದಮಾತ್ರಕ್ಕೆ ನೆಲ ನಿರ್ದೋಷಿಯಲ್ಲ. ನೆಲ ಕೆಟ್ಟಿತ್ತು ಎಂದಮಾತ್ರಕ್ಕೆ ಊನವಿದ್ದ ಕುದುರೆಯನ್ನು ಓಟಕ್ಕೆ ಬಿಟ್ಟವರು ಪಾರಾಗುವುದಿಲ್ಲ. ಪಂದ್ಯಕ್ಕೆ ಮುಂಚಿನ ವೈದ್ಯ ತಪಾಸಣೆ, ಔಷಧಿಗಳ ಮೇಲಿನ ಕಡಿವಾಣ ಬಿಗಿಯಾದ ಮೇಲೆ, ಅದೇ ಮಣ್ಣಿನ ಮೇಲೆ, ಸಾವು ಇಳಿದವು. ಅಮೆರಿಕದ ಒಟ್ಟು ಲೆಕ್ಕವೂ ಹಾಗೆಯೇ: 2009ರಲ್ಲಿ ಸಾವಿರ ಓಟಗಳಿಗೆ 2.00 ಇದ್ದ ಸಾವು 2023ಕ್ಕೆ 1.32.

ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ ಟರ್ಫ್ ಕ್ಲಬ್ ಇಲ್ಲ, ಹುಲ್ಲಿನ ಅಂಗಳವೂ ಇಲ್ಲ. ಆದರೆ ಕುದುರೆಯ ಸಂಬಂಧ ಹಳೆಯದು. 1470ರ ಆಸುಪಾಸಿನಲ್ಲಿ ರಷ್ಯದ ವರ್ತಕ ಅಫನಾಸಿ ನಿಕಿಟಿನ್ ಒಂದೇ ಒಂದು ಗಂಡುಕುದುರೆಯನ್ನು ಹಡಗೇರಿಸಿಕೊಂಡು ಬಂದು, ಬಹಳ ತಿರುಗಿ, ಕಡೆಗೆ ಮಾರಿದ್ದು ಬೀದರಿನಲ್ಲಿ. ಸಾವಿರಾರು ಕುದುರೆ ಮಾರಾಟಕ್ಕೆ ಬರುತ್ತಿದ್ದ ಸಮೀಪದ ಜಾತ್ರೆಯೊಂದನ್ನು ಅವನು ಬಣ್ಣಿಸುತ್ತಾನೆ. ಅದು ಬಸವಕಲ್ಯಾಣದ ನೆರೆಯ ಆಳಂದವೆಂದು ಗುರುತಿಸಲಾಗಿದೆ. ಈಗಲೂ ಗಡಿಯಾಚೆ ನಾಂದೇಡ ಜಿಲ್ಲೆಯ ಮಾಳೆಗಾಂವದ ಖಂಡೋಬಾ ಜಾತ್ರೆ ಕುದುರೆ ವ್ಯಾಪಾರಕ್ಕೆ ಹೆಸರಾದದ್ದು.

ನೆಲದ ವಿಷಯ ಕಲಿಯಲು ಈ ಎರಡು ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ಸಿಗದು. ಹುಮನಾಬಾದಿನದು ಬಹುಪಾಲು ಜಂಬಿಟ್ಟಿಗೆಯ ಕೆಂಪು ಮಣ್ಣು. ಭಾಲ್ಕಿ, ಔರಾದ ಕಡೆ ಕರಿ ಎರೆ. ಬಸವಕಲ್ಯಾಣದಲ್ಲಿ ಎರಡೂ ಇವೆ. ಎರಡು ಊರುಗಳ ನಡುವಿನ ಸುಮಾರು 30 ಕಿ.ಮೀ. ದಾರಿಯಲ್ಲಿ ಕುದುರೆಯ ಕಾಲು ಎರಡು ಬೇರೆ ಬೇರೆ ಲೋಕ ತುಳಿಯುತ್ತದೆ.

ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಮುಂಗಾರಿನಲ್ಲಿ ಅದು ಗೊರಸಿಗೆ ಅಂಟಿ ಎಳೆಯುತ್ತದೆ, ನಾಲು ಕಿತ್ತುಬರುತ್ತದೆ. ಏಳಬೇಕಾದ ಕಾಲು ಏಳದೆ ಕೀಲು ತಿರುಚುತ್ತದೆ. ಮಾರ್ಚ್ ದಾಟಿದರೆ ಕೈ ಹೋಗುವಷ್ಟು ಅಗಲದ ಬಿರುಕು ಬಾಯ್ತೆರೆಯುತ್ತವೆ. ಓಡುವ ಕುದುರೆಯ ಗೊರಸಿನ ಅರ್ಧ ಹೆಂಟೆಯ ಮೇಲೆ, ಅರ್ಧ ಬಿರುಕಿನ ಮೇಲೆ ಬಿತ್ತೆಂದರೆ ಫೆಟ್ಲಾಕಿಗೆ ಅಡ್ಡಪೆಟ್ಟು ಖಚಿತ. ಇವೆರಡಕ್ಕಿಂತ ಮೋಸದ್ದು ನಡುವಿನ ಕಾಲ. ಡಿಸೆಂಬರು, ಜನವರಿಯಲ್ಲಿ ರಾಶಿ ಮುಗಿದ ಹೊಲ ಮೇಲೆ ಹೆಪ್ಪುಗಟ್ಟಿ ಗಟ್ಟಿಯಾಗಿ ಕಾಣುತ್ತದೆ. ಒಳಗೆ ಇನ್ನೂ ಹಸಿ. ಮನುಷ್ಯ ನಡೆದರೆ ಹೆಪ್ಪು ಹೊರುತ್ತದೆ. ಕುದುರೆಯ ಭಾರಕ್ಕೆ ಒಂದು ಹೆಜ್ಜೆಗೆ ಒಡೆಯುತ್ತದೆ, ಇನ್ನೊಂದಕ್ಕೆ ಒಡೆಯುವುದಿಲ್ಲ. ಜಾತ್ರೆಗಳ ಹಂಗಾಮೂ ಅದೇ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಬರುವುದು ಜನವರಿಯಲ್ಲಿ.

ಕೆಂಪು ಮಣ್ಣಿನ ಜೇಡಿ ಹಾಗೆ ಉಬ್ಬುವುದಿಲ್ಲ. ನೀರು ಬೇಗ ಬಸಿಯುತ್ತದೆ, ಮಳೆ ನಿಂತ ಮರುದಿನವೇ ಕಾಲಿಡಬಹುದು. ಇದು ಅದರ ದೊಡ್ಡ ಗುಣ. ದೋಷವೆಂದರೆ, ಒಣಗಿದಾಗ ಹೆಸರಿಗೆ ತಕ್ಕಂತೆ ಇಟ್ಟಿಗೆಯೇ ಆಗುತ್ತದೆ. ಜೊತೆಗೆ ಗರಸು: ಕಬ್ಬಿಣದಂಶದ ಪುಟ್ಟ ಹರಳುಗಳು ಮೇಲೆದ್ದು ಗೊರಸಿನ ಅಂಗಾಲಿಗೆ ಒತ್ತುತ್ತವೆ, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಅಂಗಾಲು ನೊಂದ ಕುದುರೆ ಆ ಕಾಲನ್ನು ಉಳಿಸಿಕೊಂಡು ಎದುರು ಕಾಲಿಗೆ ಭಾರ ಹೊರಿಸುತ್ತದೆ. ಗಾಯ ಆಗುವುದು ನೋವಿಲ್ಲದ ಕಾಲಿಗೆ. ಆದರೂ ಎರಡರಲ್ಲಿ ಒಂದನ್ನು ಆರಿಸುವುದಾದರೆ ಕೆಂಪು ಮಣ್ಣೇ ಲೇಸು. ಅದನ್ನು ನೀರು ಹಾಕಿ, ಕುಂಟೆ ಹೊಡೆದು ಹದಕ್ಕೆ ತರಬಹುದು. ಎರೆಯನ್ನು ಹದಕ್ಕೆ ತಂದರೂ ಹದದಲ್ಲಿ ನಿಲ್ಲಿಸಲು ಬರುವುದಿಲ್ಲ.

ಇವೆರಡನ್ನೂ ಈಗ ಡಾಂಬರು ಮತ್ತು ಸಿಸಿ ರಸ್ತೆ ನುಂಗುತ್ತಿವೆ. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದನ್ನು ಮುಟ್ಟಿ, ಬಸವಕಲ್ಯಾಣದ ಪಕ್ಕ ಸಸ್ತಾಪುರ ಬಂಗ್ಲಾದ ಮೂಲಕ ಹಾಯುತ್ತದೆ. ಮದುವೆ ಮೆರವಣಿಗೆಯ ಕುದುರೆ ನಡೆಯುವುದು, ಕುಣಿಯುವುದು ಇಂಥ ಗಟ್ಟಿ ರಸ್ತೆಗಳ ಮೇಲೆಯೇ. ಉತ್ತರ ಕರ್ನಾಟಕದ ಪಶ್ಚಿಮ ಜಿಲ್ಲೆಗಳಲ್ಲಿ, ಮಹಾರಾಷ್ಟ್ರದ ಗಡಿಯಲ್ಲಿ ಕುದುರೆ ಗಾಡಿಯ ಶರ್ಯತ್ತುಗಳೂ ಡಾಂಬರಿಗೆ ಇಳಿದಿವೆ. ಅಲ್ಲಿ ಗೊರಸು ಹೂಳುವ ಮಾತೇ ಇಲ್ಲ, ಪೆಟ್ಟಿನ ಪೂರ್ತಿ ಬಾಬ್ತು ಕಾಲಿನದೇ. ನುಣುಪಾದ ಸಿಮೆಂಟಿನ ಮೇಲೆ ಕಬ್ಬಿಣದ ನಾಲು ಜಾರುತ್ತದೆಂದು ಮೊಳೆತಲೆ ಎತ್ತರಿಸಿ ಹೊಡೆಸುತ್ತಾರೆ; ಜಾರುವುದು ನಿಲ್ಲುತ್ತದೆ, ಜೊತೆಗೆ ಕಾಲಿಗೆ ಬೇಕಾದ ಆ ಕೆಲವೇ ಸೆಂಟಿಮೀಟರಿನ ಜಾರೂ ನಿಲ್ಲುತ್ತದೆ. ನಾಲಿನ ಮುಂತುದಿಗೆ ಹಲ್ಲಿಟ್ಟ ಕುದುರೆಗಳಲ್ಲಿ ಮಾರಕ ಗಾಯ ಹೆಚ್ಚೆಂದು ಕ್ಯಾಲಿಫೋರ್ನಿಯಾದ ಅಧ್ಯಯನ 1996ರಲ್ಲೇ ತೋರಿತ್ತು. ನಾಲಬಂದರ ಕೈಗುಣವನ್ನು ಹೊಗಳುವವರು ನೆಲ ನೋಡಿ ನಾಲು ಆರಿಸುವ ಅವರ ತಿಳಿವಳಿಕೆಗೂ ಕಿವಿಗೊಡಬೇಕು.

ಕಾನೂನಿನ ಕಣ್ಣೂ ಇತ್ತ ಸರಿಯಾಗಿ ಬಿದ್ದಿಲ್ಲ. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಮಾಡಿದ ತಿದ್ದುಪಡಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. ಸುಪ್ರೀಂ ಕೋರ್ಟ್ 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು. ಕುದುರೆ ಗಾಡಿಯ ಹೆಸರು ಅದರಲ್ಲಿಲ್ಲ. ಕಂಬಳದವರಿಂದ ಕಲಿಯಬಹುದಾದದ್ದು ಒಂದಿದೆ: ಕೋಣ ಓಡುವ ಕರೆಯನ್ನು ಅವರು ಓಟಕ್ಕೆಂದೇ ಸಿದ್ಧಪಡಿಸುತ್ತಾರೆ, ನೀರು ನಿಲ್ಲಿಸಿ ಕೆಸರನ್ನು ಒಂದು ಪಾಕಕ್ಕೆ ತರುತ್ತಾರೆ. ಓಟಕ್ಕೆ ಮೊದಲು ನೆಲ ಎಂಬುದು ಅಲ್ಲಿ ರೂಢಿ.

ಇಷ್ಟಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಓಟದ ದಾರಿಯನ್ನು ಒಂದು ದಿನ ಮುಂಚೆ ಉದ್ದಕ್ಕೂ ನಡೆದು, ಇಪ್ಪತ್ತು ಹೆಜ್ಜೆಗೊಮ್ಮೆ ಒಂದೇ ಸಲಾಕೆಯನ್ನು ಒಂದೇ ಎತ್ತರದಿಂದ ಬಿಟ್ಟು ಇಳಿದ ಆಳ ಬರೆದುಕೊಂಡರೆ ಅದೇ ಬಡವರ ಪೆನೆಟ್ರೋಮೀಟರು. ಆಳದ ಸರಾಸರಿಗಿಂತ ಆಳಗಳ ನಡುವಿನ ಅಂತರ ಮುಖ್ಯ. ಹಿಡಿಮಣ್ಣು ಒತ್ತಿ ನೋಡಿದರೆ ತೇವ ತಿಳಿಯುತ್ತದೆ: ಉಂಡೆ ನಿಂತು, ಬೆರಳು ಮುಟ್ಟಿಸಿದರೆ ಒಡೆಯಬೇಕು. ಹರಳು ಆರಿಸಿ, ಕುಂಟೆ ಹೊಡೆದು, ಹಿಂದಿನ ಸಂಜೆ ನೀರು ಚಿಮುಕಿಸಿದ ಕೆಂಪು ಮಣ್ಣಿನ ಪಟ್ಟಿ ಊರ ಓಟಕ್ಕೆ ಸಾಕು. ಕುದುರೆಯನ್ನು ಅದೇ ನೆಲದ ಮೇಲೆ ಕೆಲವು ವಾರ, ಚಿಕ್ಕ ಚಿಕ್ಕ ಬಿರುಸಿನ ಓಟಗಳಿಂದ ಪಳಗಿಸಬೇಕು. ಪೆನ್ಸಿಲ್ವೇನಿಯಾದ ಪಶುವೈದ್ಯ ಡೇವಿಡ್ ನುನಮೇಕರ್ ಮರಿಗುದುರೆಗಳ ಕಾಲುಎಲುಬಿನ ನೋವಿಗೆ ಸೂಚಿಸಿದ ದಾರಿಯೂ ಇಂಥದ್ದೇ. ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರ ಬೀದರಿನ ನಂದಿನಗರದಲ್ಲೇ ಇದೆ. ಎರಡು ಮಣ್ಣಿನ ಈ ಸೀಮೆಯಲ್ಲಿ ಕುದುರೆಯ ಕಾಲಿಗೂ ನೆಲಕ್ಕೂ ಇರುವ ಲೆಕ್ಕವನ್ನು ಅಳೆಯಲು ಅದಕ್ಕಿಂತ ಹತ್ತಿರದ ಸಂಸ್ಥೆ ಇನ್ನೊಂದಿಲ್ಲ.

ಡಾಂಬರಿನ ಶರ್ಯತ್ತಿಗೆ ಮಾತ್ರ ಈ ಉಪಾಯಗಳಲ್ಲಿ ಒಂದೂ ಒದಗುವುದಿಲ್ಲ. ಆ ನೆಲವನ್ನು ಹದಕ್ಕೆ ತರಲು ಬರುವುದಿಲ್ಲ. ಅಲ್ಲಿ ಓಟವನ್ನೇ ಬಿಡಬೇಕು.